ಮಗಳಿಗೆ 7,400 ರೂಪಾಯಿಯ ಸೈನ್ಸ್ ಕಿಟ್ ಕೊಡಿಸಬೇಕಾ? ಹೋಮ್‌ಸ್ಕೂಲಿಂಗ್ ಮಾಡುವವರು ಹೇಳಿ

ಸುಮಾ_ಮೈಸೂರು

ನಮಸ್ಕಾರ ಎಲ್ಲರಿಗೂ. ಮಗಳಿಗೆ ಈಗ 12 ವರ್ಷ. ನಾಲ್ಕನೇ ಕ್ಲಾಸ್ ಮುಗಿಸಿ ಶಾಲೆ ಬಿಟ್ಟಳು, ಅಲ್ಲಿಂದ ಮನೆಯಲ್ಲೇ ಓದು. ಕನ್ನಡ, ಲೆಕ್ಕ, ಇತಿಹಾಸ ಹೇಗೋ ನಡೆಯುತ್ತಿದೆ. ಸೈನ್ಸ್ ಅಂದರೆ ಮಾತ್ರ ನನಗೆ ಕೈಕಾಲು ಆಡುವುದಿಲ್ಲ. ನಾನು ಓದಿದ್ದು ಪಿಯುಸಿ ಆರ್ಟ್ಸ್. ಹೈಸ್ಕೂಲಿನಲ್ಲಿ ಪ್ರನಾಳ ನೋಡಿದ್ದು ಒಂದೇ ಸಲ, ಅದೂ ಮೇಷ್ಟ್ರ ಕೈಯಲ್ಲಿ, ಹಿಂದಿನ ಬೆಂಚಿನಿಂದ.

ಈಗ ಒಂದು ಕಂಪನಿಯ ಕಿಟ್ ನೋಡಿಟ್ಟಿದ್ದೇವೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಂತ ಮೂರು ಬಾಕ್ಸ್, ಒಟ್ಟು 7,400 ರೂಪಾಯಿ. 150 ಪ್ರಯೋಗ ಮಾಡಬಹುದು ಎಂದು ಮುಚ್ಚಳದ ಮೇಲೆ ಬರೆದಿದ್ದಾರೆ. ನಮ್ಮನೆಯವರು ತಗೋ ಅಂತಾರೆ. ನನಗೇ ಅನುಮಾನ. ಆದರೆ ಪಕ್ಕದ ಮನೆಯವರು "ಲ್ಯಾಬ್ ಇಲ್ಲದೆ ಸೈನ್ಸ್ ಹೇಗೆ ಕಲೀತಾಳೆ?" ಅಂದದ್ದು ತಲೆಯಲ್ಲೇ ಕೂತಿದೆ. 14 ತುಂಬಿದ ಮೇಲೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸ್ ಬರೆಸಬೇಕು ಅಂತ ಯೋಚನೆ. ಇನ್ನೊಂದು ವಿಷಯ, ನಾದಿನಿ ಸೆಪ್ಟೆಂಬರ್‌ನಲ್ಲಿ ಅಮೆರಿಕದಿಂದ ಬರುತ್ತಾಳೆ. ಅಲ್ಲಿಂದ ಕೆಮಿಸ್ಟ್ರಿ ಸೆಟ್ ತರಲಾ ಅಂತ ಕೇಳಿದ್ದಾಳೆ.

ತಗೊಂಡು ಖುಷಿಪಟ್ಟವರು, ತಗೊಂಡು ಕೈ ಹಿಸುಕಿಕೊಂಡವರು, ಇಬ್ಬರೂ ಹೇಳಿ.

ರಶ್ಮಿ ಕೆ., ಬೆಂಗಳೂರು

ನಾನು ಕೈ ಹಿಸುಕಿಕೊಂಡವರ ಪೈಕಿ. ಮೂರು ವರ್ಷದ ಹಿಂದೆ ಮಗನಿಗೆ 3,200 ಕೊಟ್ಟು ಕೆಮಿಸ್ಟ್ರಿ ಬಾಕ್ಸ್ ತಂದೆ. ಬಂದ ದಿನ ಮನೆಯಲ್ಲಿ ಹಬ್ಬ. ಎರಡು ವಾರಕ್ಕೆ ಎಲ್ಲ ಮುಗಿಯಿತು. ಯಾಕೆ ಅಂತ ಹೇಳ್ತೀನಿ.

ನೂರು ಪ್ರಯೋಗದಲ್ಲಿ ಸುಮಾರು ಮೂವತ್ತು ಬರೀ ವಿನೆಗರ್ ಮತ್ತು ಅಡುಗೆ ಸೋಡಾ. ಒಮ್ಮೆ ಜ್ವಾಲಾಮುಖಿ, ಒಮ್ಮೆ ಬಲೂನು, ಒಮ್ಮೆ ರಾಕೆಟ್. ಸಂಗತಿ ಒಂದೇ. ವಿನೆಗರ್ ಕೂಡ ಬಾಕ್ಸಿನಲ್ಲಿ ಇರಲಿಲ್ಲ, ನಾವೇ ಅಂಗಡಿಯಿಂದ ತಂದದ್ದು! ಪ್ರನಾಳಗಳು ಪ್ಲಾಸ್ಟಿಕ್, ಬಿಸಿ ಮಾಡುವ ಹಾಗಿಲ್ಲ. ಪುಡಿಗಳು 10 ಗ್ರಾಂ ಡಬ್ಬಿಯಲ್ಲಿ, ಎರಡನೇ ಸಲ ಮಾಡೋಣ ಅಂದರೆ ಖಾಲಿ. ಲಿಟ್ಮಸ್ ಕಾಗದದ ಪುಸ್ತಕವನ್ನು ಮಗ ಅಡುಗೆಮನೆ ಕಟ್ಟೆ ಮೇಲೆ ಬಿಟ್ಟಿದ್ದ, ಮಳೆಗಾಲದ ತೇವಕ್ಕೆ ನೀಲಿ ಯಾವುದು ಕೆಂಪು ಯಾವುದು ಗೊತ್ತಾಗದ ಹಾಗೆ ಆಯಿತು.

ನನಗೆ ಎಲ್ಲಕ್ಕಿಂತ ಬೇಜಾರಾಗಿದ್ದು ಅದರ ಪುಸ್ತಕ. "ಈಗ ದ್ರಾವಣ ನೀಲಿ ಆಗುತ್ತದೆ" ಅಂತ ಮೊದಲೇ ಬರೆದಿರುತ್ತದೆ. ಮಗ ಓದುತ್ತಾನೆ, ಸುರಿಯುತ್ತಾನೆ, ನೀಲಿ ಆಗುತ್ತದೆ, ಎದ್ದು ಹೋಗುತ್ತಾನೆ. ಅಷ್ಟೇ. ಅಡುಗೆ ಪುಸ್ತಕಕ್ಕೂ ಅದಕ್ಕೂ ಏನು ವ್ಯತ್ಯಾಸ? ಅಡುಗೆಯಲ್ಲಾದರೂ ತಿನ್ನಲು ಏನಾದರೂ ಸಿಗುತ್ತದೆ.

ಶಿರಸಿ_ಭಟ್ಟ

ತಂಗಿ ಸುಮಾ, ನಾನು ಹೋಮ್‌ಸ್ಕೂಲೂ ಅಲ್ಲ, ಮೇಷ್ಟ್ರೂ ಅಲ್ಲ. ಅಡಿಕೆ ತೋಟದವನು. ಮೊಮ್ಮಗಳು ರಜಕ್ಕೆ ಬಂದಾಗ ನಡೆದದ್ದು ಹೇಳ್ತೇನೆ.

ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಎಂಬ ಮದ್ದು ಹೊಡೆಯುತ್ತೇವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಅಂದರೆ ನಿಮ್ಮ ಕಿಟ್‌ನವರು 10 ಗ್ರಾಂ ಡಬ್ಬಿಯಲ್ಲಿ ಕೊಡುವ ಕಾಪರ್ ಸಲ್ಫೇಟೇ. ಎರಡನ್ನೂ ಅರ್ಧರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೂರನೇ ಡ್ರಮ್ಮಿಗೆ ಒಟ್ಟಿಗೆ ಸುರಿಯಬೇಕು. ಡ್ರಮ್ ಪ್ಲಾಸ್ಟಿಕ್ ಆಗಿರಬೇಕು, ಕಬ್ಬಿಣದ್ದು ಕೂಡದು. ಆಮೇಲೆ ಪಾಕ ಸರಿ ಬಂತಾ ಅಂತ ನೋಡಲು ಹೊಳೆಯುವ ಚಾಕು ಅದ್ದಿ ಒಂದು ನಿಮಿಷ ಬಿಡುತ್ತೇವೆ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಇನ್ನಷ್ಟು ಸುಣ್ಣ ಹಾಕಬೇಕು.

ಮೊಮ್ಮಗಳು ನೋಡಿದಳು. "ಅಜ್ಜ, ಕಬ್ಬಿಣ ಹೇಗೆ ತಾಮ್ರ ಆಯ್ತು?" ಅಂದಳು. ನಾನು 40 ವರ್ಷ ಚಾಕು ಅದ್ದಿದವನು, ಆ ಪ್ರಶ್ನೆ ನನಗೆ ಒಂದು ದಿನವೂ ಬಂದಿರಲಿಲ್ಲ. ಸಂಜೆ ಅವಳ ಹತ್ತನೇ ಕ್ಲಾಸಿನ ಅಣ್ಣನ ಪುಸ್ತಕ ತೆಗೆದರೆ ಅದೇ ಕ್ರಿಯೆ ಅಲ್ಲಿದೆ. ಕಬ್ಬಿಣದ ಮೊಳೆ, ಕಾಪರ್ ಸಲ್ಫೇಟ್. ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ, ತಾಮ್ರ ಹೊರಗೆ ಬಂದು ಅದರ ಜಾಗದಲ್ಲಿ ಕೂರುತ್ತದೆ. ಡ್ರಮ್ ಕಬ್ಬಿಣದ್ದು ಯಾಕೆ ಬೇಡ ಅನ್ನುವುದೂ ಅವತ್ತೇ ಅರ್ಥ ಆಯಿತು.

ಈ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಿರಿ ಎಂದು ಮೈಸೂರು ಸಂಸ್ಥಾನದಲ್ಲಿ ರೈತರಿಗೆ ಹೇಳಿಕೊಟ್ಟದ್ದು ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ, ನೂರು ವರ್ಷಕ್ಕೂ ಹಿಂದೆ. ಅವರೂ ನಿಮ್ಮ ಮೈಸೂರಿನ ನೌಕರಿಯವರೇ, ಹಾಗಾಗಿ ಹೇಳಿದೆ.

ರಶ್ಮಿ ಕೆ., ಬೆಂಗಳೂರು

ಭಟ್ರೇ, ಕಥೆ ಚೆನ್ನಾಗಿದೆ. ಆದರೆ 12 ವರ್ಷದ ಹುಡುಗಿ ಕೈಗೆ ಮೈಲುತುತ್ತ ಕೊಡಿ ಅಂತೀರಾ? ವಿಷ ಅಲ್ವಾ ಅದು?

ಶಿರಸಿ_ಭಟ್ಟ

ವಿಷವೇ. ಹೊಟ್ಟೆಗೆ ಹೋದರೆ ಆಸ್ಪತ್ರೆಯೇ ಗತಿ. ಕಿಟ್‌ನಲ್ಲಿ ಚಂದದ ಡಬ್ಬಿಯಲ್ಲಿ ಬಂದರೂ ಅದು ಅಷ್ಟೇ ವಿಷ, ಅದನ್ನು ಮರೆಯಬೇಡಿ. ಗಾಜಿನ ಬಾಟಲಿಗೆ ಹಾಕಿ, ಹೆಸರು ಬರೆದು, ಅಡುಗೆಮನೆಯಿಂದ ದೂರ, ಬೀಗದ ಕಪಾಟಿನಲ್ಲಿ ಇಡಿ. ಅದಕ್ಕೆ ಬಳಸಿದ ಚಮಚ ಮತ್ತೆ ಅಡುಗೆಗೆ ಬರಬಾರದು. ಉಳಿದ ನೀರನ್ನು ಮೀನಿರುವ ಕಡೆ ಚೆಲ್ಲಬೇಡಿ. ಒಂದು ಲೋಟ ನೀರಿಗೆ ಅರ್ಧ ಚಮಚ ಧಾರಾಳ ಸಾಕು.

ನಿವೃತ್ತ_ಮೇಷ್ಟ್ರು, ಹಾಸನ

ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಸುಮಾ ಅವರೇ, ಪಕ್ಕದ ಮನೆಯವರ ಮಾತಿಗೆ ಹೆದರಬೇಡಿ. ಲ್ಯಾಬ್ ಇರುವ ಶಾಲೆಯ ಎಷ್ಟೋ ಮಕ್ಕಳು ಬೀಗ ಹಾಕಿದ ಬೀರುವಿನ ಗಾಜಿನಾಚೆಗೆ ಲ್ಯಾಬನ್ನು ನೋಡಿದವರು. ಸಾಮಾನು ಒಡೆದರೆ ಲೆಕ್ಕ ಕೊಡಬೇಕಲ್ಲ! ನಾನೂ ಮೊದಲ ಐದಾರು ವರ್ಷ ಹಾಗೇ ಬೀಗ ಹಾಕಿದವನೇ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಹೊಶಂಗಾಬಾದ್ ಅಂತ ಮಧ್ಯಪ್ರದೇಶದಲ್ಲಿ ಒಂದು ಜಿಲ್ಲೆ, ಈಗ ಅದರ ಹೆಸರು ನರ್ಮದಾಪುರಂ. 1972ರಲ್ಲಿ ಅಲ್ಲಿಯ 16 ಹಳ್ಳಿ ಶಾಲೆಗಳಲ್ಲಿ ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯುವ ಕಾರ್ಯಕ್ರಮ ಶುರುವಾಯಿತು. 2002ರವರೆಗೆ ನಡೆಯಿತು. ಅವರಿಗೂ ಕಿಟ್ ಇತ್ತು. ಆದರೆ ಅಗ್ಗದ ಸಾಮಾನಿನ ಕಿಟ್. ಮತ್ತೆ ಅವರ ಪುಸ್ತಕದಲ್ಲಿ ಪ್ರಶ್ನೆ ಇರುತ್ತಿತ್ತು, ಉತ್ತರ ಇರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು. ರಶ್ಮಿ ಮೇಡಂ ಹೇಳಿದ "ಈಗ ನೀಲಿ ಆಗುತ್ತದೆ" ಕಾಯಿಲೆಗೆ ಅದೇ ಮದ್ದು. 1978ರಲ್ಲಿ ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಕಂಪನಿಯ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ ಅಲ್ಲಿಗೆ ಹೋದವರು ಅರವಿಂದ ಗುಪ್ತಾ. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ತ್ರಿಕೋನ, ಘನ ಎಲ್ಲ ಮಾಡುವುದನ್ನು ಅವರು ಆ ಕಾಲದಲ್ಲೇ ಶುರುಮಾಡಿದ್ದು. ಅವರ ಆಟಿಕೆಗಳ ವಿವರ, ವಿಡಿಯೋ ಎಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಇದೆ, ನೋಡಿ.

ಹಾಗಂತ ಎಲ್ಲ ಕಸದಿಂದಲೇ ಆಗುತ್ತದೆ ಅನ್ನುವ ಪೈಕಿ ನಾನಲ್ಲ. ಅಳೆಯುವ ಸಾಧನ ಮನೆಯಲ್ಲಿ ಮಾಡಲು ಆಗುವುದಿಲ್ಲ. ಮಾಡಿದರೂ ಅದನ್ನು ನಂಬಲು ಆಗುವುದಿಲ್ಲ. ದುಡ್ಡು ಅಲ್ಲಿ ಹಾಕಿ. ಒಳ್ಳೆಯ ಥರ್ಮಾಮೀಟರ್, ಜ್ವರದ್ದಲ್ಲ, ಲ್ಯಾಬಿನದು. ಚಿನ್ನದಂಗಡಿಯಲ್ಲಿ ಇಡುತ್ತಾರಲ್ಲ, ಆ ಥರದ ಪುಟ್ಟ ತೂಕದ ಯಂತ್ರ. 100 ಎಂಎಲ್ ಅಳತೆ ಜಾಡಿ. ಕರೆಂಟ್, ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್. ಬಿಸಿ ತಾಳುವ ಗಾಜಿನ ಪ್ರನಾಳ ಆರು, ಬೀಕರ್ ಎರಡು. ಹುಳಿ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪಿಎಚ್ ಕಾಗದ. ಇದಿಷ್ಟು ಇದ್ದರೆ ಅಡುಗೆಮನೆಯೇ ಲ್ಯಾಬ್. ಇಲ್ಲದಿದ್ದರೆ 7,400ರ ಬಾಕ್ಸ್ ಕೂಡ ಆಟಿಕೆಯೇ.

ಎಚ್ಚರಿಕೆ ಎರಡು ಮೂರು. ಉರಿಯುತ್ತಿರುವ ಸ್ಪಿರಿಟ್ ದೀಪಕ್ಕೆ ಮೇಲಿಂದ ಸ್ಪಿರಿಟ್ ಸುರಿಯಬಾರದು. ನನ್ನ ಕಣ್ಣೆದುರೇ ಒಬ್ಬ ಹುಡುಗನ ಮುಂಗೈ ಸುಟ್ಟಿದೆ, ತಪ್ಪು ನನ್ನದೇ. ಟಾಯ್ಲೆಟ್ ಆಸಿಡ್ ತಂದು ಪ್ರಯೋಗ ಬೇಡ. 2013ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅಂಗಡಿಯವರು ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡೇ ಆಸಿಡ್ ಮಾರಬೇಕು. ಸುಮ್ನೆ ಅಲ್ಲ ಆ ನಿಯಮ. ಈ ವಯಸ್ಸಿಗೆ ನಿಂಬೆರಸ, ವಿನೆಗರ್ ಸಾಕು. ಇನ್ನು ನೀರಿಗೆ ಉಪ್ಪು ಹಾಕಿ 9 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಹಾಯಿಸುವ ಪ್ರಯೋಗ ಬಹಳ ಕಡೆ ತೋರಿಸುತ್ತಾರೆ. ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಅಡುಗೆ ಸೋಡಾ ಹಾಕಿ.

ಹುಬ್ಬಳ್ಳಿ_ವೀಣಾ

ಎಲ್ಲರೂ ಕಿಟ್ ಬೇಡ ಅನ್ನೋದು ನೋಡಿ ನಗು ಬಂತು. ಮೇಷ್ಟ್ರೇ, ನಿಮ್ಮ ಪಟ್ಟಿ ಚಲೋ ಐತಿ. ಆದರೆ ಆ ಸಾಮಾನು ಹುಡುಕಿ ತರೋರು ಯಾರು?

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಏಳಕ್ಕೆ ಮನೆ. ಇಬ್ಬರು ಮಕ್ಕಳು, ಹಗಲು ಅತ್ತೆ ನೋಡಿಕೊಳ್ಳುತ್ತಾರೆ. "ಸುಲಭ, ಮನೆಯಲ್ಲೇ ಇರುವ ಸಾಮಾನು" ಎಂದು ಓದಿ ಕೂತರೆ ಸ್ಟ್ರಾ ಇಲ್ಲ, ಬಲೂನು ಒಡೆದಿದೆ, ಬ್ಯಾಟರಿ ರಿಮೋಟಿನಿಂದ ತೆಗೆಯಬೇಕು. ಸಾಮಾನು ಸೇರಿಸುವ ಹೊತ್ತಿಗೆ ಮಕ್ಕಳಿಗೆ ನಿದ್ದೆ. ಒಂದು ವರ್ಷ ಹಾಗೇ ಹೋಯಿತು, ಒಂದು ಪ್ರಯೋಗವೂ ಆಗಲಿಲ್ಲ ನೋಡ್ರಿ. ಕೊನೆಗೆ 2,800ಕ್ಕೆ ಫಿಸಿಕ್ಸ್ ಬಾಕ್ಸ್ ತಂದೆ. ಶನಿವಾರ ಬೆಳಿಗ್ಗೆ ಬಾಕ್ಸ್ ತೆಗೆದರೆ ಎಲ್ಲ ಅಲ್ಲೇ ಇರುತ್ತದೆ. ಅತ್ತೆಯೂ ಜೊತೆಗೆ ಕೂತು ಬಲ್ಬು ಹತ್ತಿಸಿದರು. ನಾನು ಕೊಂಡದ್ದು ಸಾಮಾನನ್ನಲ್ಲ, ಹೊತ್ತನ್ನು. ಅದಕ್ಕೆ 2,800 ಜಾಸ್ತಿ ಅಂತ ನನಗೆ ಅನ್ನಿಸಿಲ್ಲ.

ಪುಸ್ತಕದಲ್ಲಿ ಉತ್ತರ ಬರೆದಿದ್ದರೆ ಆ ಸಾಲಿನ ಮೇಲೆ ಕಾಗದ ಅಂಟಿಸಿ. ನಾನು ಅದನ್ನೇ ಮಾಡಿದೆ.

ನಿವೃತ್ತ_ಮೇಷ್ಟ್ರು, ಹಾಸನ

ವೀಣಾ ಅವರೇ, ಒಪ್ಪಿದೆ. ಈ ಮಾತು ನನಗೆ ತೋಚಿರಲಿಲ್ಲ. ನಮಗೆ ಶಾಲೆಯಲ್ಲಿ ಜವಾನ ಸಾಮಾನು ಜೋಡಿಸಿಡುತ್ತಿದ್ದ. ಕಾಗದ ಅಂಟಿಸುವ ಉಪಾಯವನ್ನು ನಾನೂ ಕದಿಯುತ್ತೇನೆ.

ಸುಮಾ_ಮೈಸೂರು

ಇಷ್ಟೊಂದು ಜನ ಬರೆದಿದ್ದೀರಿ, ಥ್ಯಾಂಕ್ಸ್. ನಾನು ಮನೆಯಲ್ಲೇ ಇರುತ್ತೇನೆ, ಹಾಗಾಗಿ ಹೊತ್ತಿನ ತೊಂದರೆ ಇಲ್ಲ. ಧೈರ್ಯದ್ದೇ ತೊಂದರೆ. ಎನ್‌ಐಒಎಸ್ ಬಗ್ಗೆ ಗೊತ್ತಿರುವವರು ಹೇಳಿ. ಅದರ ಪ್ರಾಕ್ಟಿಕಲ್ಸ್‌ಗೆ ಈ ಕಿಟ್ ಬೇಕೇ ಬೇಕಾ?

ಎರಡು_ಮಕ್ಕಳ_ಅಪ್ಪ, ಮಂಗಳೂರು

ದೊಡ್ಡವಳು ಎನ್‌ಐಒಎಸ್‌ನಲ್ಲಿ ಹತ್ತು ಮುಗಿಸಿದಳು. ಸೈನ್ಸ್ ತಗೊಂಡರೆ ಪ್ರಾಯೋಗಿಕ ಪರೀಕ್ಷೆ ಇದೆ, ಅದು ಸೆಂಟರ್‌ನಲ್ಲೇ ನಡೆಯುತ್ತದೆ, ಅವರದೇ ಸಾಮಾನಿನಲ್ಲಿ. ಮನೆಯ ಕಿಟ್ ಯಾರೂ ಕೇಳುವುದಿಲ್ಲ. ಆದರೆ ಮನೆಯಲ್ಲಿ ಏನೂ ಮುಟ್ಟದ ಮಗು ಅಲ್ಲಿ ಹೋಗಿ ಕೈ ನಡುಗಿಸುತ್ತದೆ. ನಮಗೆ ಸಿಕ್ಕ ಸ್ಟಡಿ ಸೆಂಟರಿನಲ್ಲಿ ಪ್ರಾಕ್ಟಿಕಲ್ ತರಗತಿ ಹೆಸರಿಗಷ್ಟೇ ನಡೆಯಿತು. ಪ್ರಯೋಗದ ಪಟ್ಟಿ ಎನ್‌ಐಒಎಸ್‌ನ ಸೈಟಿನಲ್ಲೇ ಸಿಗುತ್ತದೆ. ವಿಷಯದ ಸಂಖ್ಯೆ 212. ಅದನ್ನು ಪ್ರಿಂಟ್ ಹಾಕಿ, ಮನೆಯಲ್ಲಿ ಆಗುವುದಕ್ಕೆಲ್ಲ ಗುರುತು ಹಾಕಿದೆವು. ಬಹಳಷ್ಟು ಆಯಿತು.

ಚಿಕ್ಕವನು ಹತ್ತನೇ ಕ್ಲಾಸಿಗೆ ಸಮನಾದ ಬ್ರಿಟಿಷ್ ಪರೀಕ್ಷೆ ಕೇಂಬ್ರಿಡ್ಜ್ ಐಜಿಸಿಎಸ್‌ಇ ಕಡೆ ಹೋಗುತ್ತಿದ್ದಾನೆ. ಅಲ್ಲಿ ಇನ್ನೊಂದು ದಾರಿ ಇದೆ. ಲ್ಯಾಬಿನಲ್ಲಿ ಮಾಡುವ ಪೇಪರ್ 5ರ ಬದಲು ಪೇಪರ್ 6 ಬರೆಯಬಹುದು. ಅದು ಬರವಣಿಗೆಯ ಪರೀಕ್ಷೆ, ಆದರೆ ಕೇಳುವುದೆಲ್ಲ ಪ್ರಯೋಗದ ಬಗ್ಗೆ. ಅಳತೆ ಓದು, ಗ್ರಾಫ್ ಹಾಕು, ಎಲ್ಲಿ ತಪ್ಪಾಯಿತು ಹೇಳು. ಪ್ರಯೋಗ ಮಾಡದೆ ಬಾಯಿಪಾಠ ಮಾಡಿದವರು ಅಲ್ಲೇ ಸಿಕ್ಕಿಬೀಳುವುದು.

12 ವರ್ಷಕ್ಕೆ ಇದೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ಎರಡು ವರ್ಷ ಇದೆ.

ದೀಪು_ಡಲ್ಲಾಸ್

ನಾದಿನಿಗೆ ಬೇಡ ಅಂತ ಹೇಳಿಬಿಡಿ ಅಕ್ಕ. ಬೆಂಕಿ ಹತ್ತುವ, ಚರ್ಮ ಸುಡುವ ರಾಸಾಯನಿಕವನ್ನು ವಿಮಾನದ ಬ್ಯಾಗಿನಲ್ಲಿ ಹಾಕುವ ಹಾಗಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ. ನಮ್ಮ ಅಮ್ಮ ಉಪ್ಪಿನಕಾಯಿ ತರುವಾಗಲೇ ಎಷ್ಟು ಪ್ರಶ್ನೆ ಕೇಳಿದ್ದರು! ತರುವುದಾದರೆ ಒಳ್ಳೆಯ ಲೆನ್ಸ್, ಸ್ಲೈಡ್ ಥರದ್ದು ತರಲಿ.

ಇಲ್ಲಿ ಟೆಕ್ಸಾಸ್‌ನಲ್ಲಿ ಹೋಮ್‌ಸ್ಕೂಲ್ ಅಂದರೆ ಖಾಸಗಿ ಶಾಲೆಯ ಲೆಕ್ಕ. ಲ್ಯಾಬ್ ಇದೆಯಾ ಅಂತ ಸರ್ಕಾರ ಬಂದು ನೋಡುವುದಿಲ್ಲ. ಕಾಲೇಜಿಗೆ ಅರ್ಜಿ ಹಾಕುವಾಗ ಮಾತ್ರ ಲ್ಯಾಬ್ ಇದ್ದ ಸೈನ್ಸ್ ಓದಿದ್ದೀರಾ ಅಂತ ಕೇಳುತ್ತಾರೆ. ನಾವು ಐದು ಮನೆಯವರು ಸೇರಿ ಒಂದು ಮೈಕ್ರೋಸ್ಕೋಪ್ ಕೊಂಡೆವು. ತಿಂಗಳಿಗೊಂದು ಮನೆ. ನಮ್ಮ ಮನೆಗೆ ಬಂದ ತಿಂಗಳು ಮಗ ಹಿತ್ತಲಿನ ಕೆಸರು ಬಿಟ್ಟು ಏನೂ ನೋಡಲಿಲ್ಲ. ಮೈಸೂರಿನಲ್ಲಿ ಹೋಮ್‌ಸ್ಕೂಲ್ ಮಾಡುವ ಬೇರೆ ಮನೆಗಳಿಲ್ಲವಾ? ಕೇಳಿ ನೋಡಿ.

ಅನು_ತುಮಕೂರು

ಮೈಕ್ರೋಸ್ಕೋಪ್ ಮಾತು ಬಂತಲ್ಲ, ಫೋಲ್ಡ್‌ಸ್ಕೋಪ್ ನೋಡಿ. ಕಾಗದ ಮಡಚಿ ಮಾಡುವುದು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿ ಸೇರಿ ಮಾಡಿದ್ದು. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಜೇಬಿನಲ್ಲಿ ಇಟ್ಟುಕೊಂಡು ಕೆರೆ ಹತ್ತಿರ ಹೋಗಬಹುದು.

ರಶ್ಮಿ ಕೆ., ಬೆಂಗಳೂರು

ನಮ್ಮಲ್ಲೂ ಇದೆ. ಮಗನಿಗೆ ಇಷ್ಟ, ನನಗೆ ಕಣ್ಣು ನೋವು. ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಬೇಕು. ಇಬ್ಬರು ಮಕ್ಕಳಿದ್ದರೆ "ಅಲ್ಲಿ ನೋಡು, ಆ ಹಸಿರು ಚುಕ್ಕಿ" ಅಂತ ತೋರಿಸಲೂ ಆಗುವುದಿಲ್ಲ. ಮೊಬೈಲ್ ಅಂಟಿಸಿದರೆ ಆಗುತ್ತದೆ, ಪರವಾಗಿಲ್ಲ. ಸೂರ್ಯನ ಕಡೆ ಮಾತ್ರ ಹಿಡಿಯಬಾರದು. ಮೇಜಿನ ಮೇಲೆ ಇಡುವ 400 ಪಟ್ಟಿನ ಮೈಕ್ರೋಸ್ಕೋಪ್‌ನಲ್ಲಿ ಈರುಳ್ಳಿ ಸಿಪ್ಪೆಗೆ ಒಂದು ಹನಿ ಬೆಟಾಡಿನ್ ಹಾಕಿ ನೋಡಿದ ದಿನವೇ ಬೇರೆ. ಪ್ರತಿ ಕೋಶದೊಳಗೂ ಒಂದೊಂದು ಚುಕ್ಕಿ. ನಮ್ಮ ಅತ್ತೆ ಹದಿನೈದು ನಿಮಿಷ ಎದ್ದೇಳಲಿಲ್ಲ.

ಎರಡು_ಮಕ್ಕಳ_ಅಪ್ಪ, ಮಂಗಳೂರು

ಮರೆತಿದ್ದೆ. ಮೊಬೈಲ್‌ನಲ್ಲಿ ಫೈಫಾಕ್ಸ್ ಅಂತ ಆ್ಯಪ್ ಇದೆ, ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರದು, ಪುಕ್ಕಟೆ. ಫೋನಿನೊಳಗಿನ ಸೆನ್ಸರ್‌ಗಳಿಂದಲೇ ವೇಗೋತ್ಕರ್ಷ, ಶಬ್ದ, ಕಾಂತಕ್ಷೇತ್ರ ಅಳೆಯಬಹುದು. ಲಿಫ್ಟಿನಲ್ಲಿ ಫೋನ್ ಇಟ್ಟುಕೊಂಡು ಹತ್ತಿ ಇಳಿಯಿರಿ, ಗ್ರಾಫ್ ನೋಡಿದರೆ ಯಾವ ಕಿಟ್ಟೂ ಬೇಡ ಅನ್ನಿಸುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಬೈದರು, ಅದು ಬೇರೆ ವಿಷಯ.

ಸುಮಾ_ಮೈಸೂರು (ಮೂರು ವಾರದ ನಂತರ)

ಏನಾಯಿತು ಅಂತ ಹೇಳಬೇಕಲ್ಲ. ಮೂರು ಬಾಕ್ಸಿನ ಕಿಟ್ ತಗೊಳ್ಳಲಿಲ್ಲ. ಮೇಷ್ಟ್ರ ಪಟ್ಟಿ ಹಿಡಿದು ಹೊರಟೆ. ತೂಕದ ಯಂತ್ರ 450, ಮಲ್ಟಿಮೀಟರ್ 280, ಥರ್ಮಾಮೀಟರ್, ಗಾಜಿನ ಸಾಮಾನು, ಪಿಎಚ್ ಕಾಗದ ಎಲ್ಲ ಸೇರಿ 1,900ರ ಒಳಗೆ ಮುಗಿಯಿತು. ಇಲ್ಲಿ ಕುವೆಂಪುನಗರದಲ್ಲಿ ಇನ್ನೆರಡು ಮನೆಯವರು ಸಿಕ್ಕರು. ಮೂವರೂ ಸೇರಿ ಮೈಕ್ರೋಸ್ಕೋಪ್ ತಗೊಳ್ಳುವ ಮಾತು ನಡೆಯುತ್ತಿದೆ. ಅದರಲ್ಲಿ ಒಬ್ಬರು ವೀಣಾ ಅವರ ಹಾಗೆ ಕೆಲಸಕ್ಕೆ ಹೋಗುವವರು. ಅವರು ಫಿಸಿಕ್ಸ್ ಬಾಕ್ಸ್ ಒಂದನ್ನು ತರುತ್ತಿದ್ದಾರೆ. ನಾವು ಎರವಲು ತರುತ್ತೇವೆ.

ಮೊದಲ ಪ್ರಯೋಗ ಏನು ಅಂದುಕೊಂಡಿರಿ? ಇಡ್ಲಿ ಹಿಟ್ಟು. ಮಳೆ ಶುರುವಾದ ಮೇಲೆ ಹಿಟ್ಟು ಉಬ್ಬುತ್ತಿಲ್ಲ ಅಂತ ನಾನು ಗೊಣಗುತ್ತಿದ್ದೆ. ಮಗಳು ಒಂದೇ ಅಳತೆಯ ಹಿಟ್ಟನ್ನು ಮೂರು ಲೋಟಕ್ಕೆ ಹಾಕಿ, ಒಂದನ್ನು ಕಟ್ಟೆ ಮೇಲೆ, ಒಂದನ್ನು ಅಕ್ಕಿ ಡಬ್ಬದೊಳಗೆ, ಒಂದನ್ನು ಫ್ರಿಜ್ಜಿನ ಹಿಂದೆ ಇಟ್ಟಳು. ಎರಡು ಗಂಟೆಗೊಮ್ಮೆ ಎತ್ತರ, ಉಷ್ಣತೆ, ಪಿಎಚ್ ಬರೆದಳು. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದಳು, ನಮ್ಮನ್ನೂ ಎಬ್ಬಿಸಿದಳು. ಫ್ರಿಜ್ಜಿನ ಹಿಂದಿನದು ಉಕ್ಕಿ ನೆಲಕ್ಕೆ ಬಿತ್ತು. ಇರುವೆ ಬಂದವು. ಪಿಎಚ್ 6ರಿಂದ 5ರ ಕೆಳಗೆ ಇಳಿದಿದೆ, ಕಾಗದದ ಬಣ್ಣ 4ಕ್ಕೂ 5ಕ್ಕೂ ನಡುವೆ ಇತ್ತು. 4 ಅಂತ ಬರೆಯಲಾ 5 ಅಂತ ಬರೆಯಲಾ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಅಂದೆ.

ನಿವೃತ್ತ_ಮೇಷ್ಟ್ರು, ಹಾಸನ

"4ಕ್ಕೂ 5ಕ್ಕೂ ನಡುವೆ" ಎಂದೇ ಬರೆಯಲಿ. ಇನ್ನೊಂದು ಸಲ ಮಾಡುವಾಗ ಒಂದು ಲೋಟಕ್ಕೆ ಉಪ್ಪು ಹಾಕಿ, ಒಂದಕ್ಕೆ ಹಾಕದೆ ಇಡಲಿ. ಎರಡೂ ಒಂದೇ ಜಾಗದಲ್ಲಿರಲಿ. ಮೂರು ಜಾಗ, ಮೂರು ಥರದ ಹಿಟ್ಟು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಹುಬ್ಬಳ್ಳಿ_ವೀಣಾ

ಆ ಇಡ್ಲಿ ಹೇಗಿತ್ತು ಅಂತ ಹೇಳಲೇ ಇಲ್ಲ.

ಸುಮಾ_ಮೈಸೂರು

ಫ್ರಿಜ್ಜಿನ ಹಿಂದಿನದು ಹುಳಿ. ಅಕ್ಕಿ ಡಬ್ಬದ್ದು ಮಲ್ಲಿಗೆ. ಅಂದ ಹಾಗೆ ಭಟ್ರೇ, ಮೈಲುತುತ್ತ ತರಲು ಇನ್ನೂ ಧೈರ್ಯ ಬಂದಿಲ್ಲ. ಸದ್ಯ ಅರಿಶಿನ, ಸುಣ್ಣದಲ್ಲಿ ಆರತಿ ನೀರು ಮಾಡಿ, ಅದಕ್ಕೆ ನಿಂಬೆರಸ ಹಿಂಡಿ, ಕೆಂಪನ್ನು ಮತ್ತೆ ಹಳದಿ ಮಾಡುತ್ತಿದ್ದಾಳೆ. ಚಾಕುವಿನ ಪ್ರಯೋಗವನ್ನು ನಿಮ್ಮ ತೋಟದಲ್ಲೇ ನೋಡಬೇಕಂತೆ.

ಶಿರಸಿ_ಭಟ್ಟ

ಕರೆದುಕೊಂಡು ಬಾ ತಂಗಿ. ಎರಡು ದಿನ ಮಳೆ ಬಿಟ್ಟರೆ ಎರಡನೇ ಮದ್ದು ಹೊಡೆಯುವುದಿದೆ, ಹೊರಡುವ ಮೊದಲು ಇಲ್ಲಿ ಒಂದು ಮೆಸೇಜ್ ಹಾಕು. ಚಾಕು ಮಾತ್ರ ನಿಮ್ಮದೇ ತನ್ನಿ. ನಮ್ಮನೆಯ ಚಾಕುವೆಲ್ಲ ಮೊಮ್ಮಗಳ ಕೈಯಲ್ಲಿ ತಾಮ್ರವಾಗಿ ಹೋಗಿದೆ.